ಬಯಲಿನಲ್ಲಿ ಕಾಸಿದ ತಾಳಿ

ಮೊನ್ನೆ ಮಗಳಿಗೆ ಹಪ್ಪಳ ಕಳಿಸೋಣವೆಂದು ಅಂಚೆ ಕಚೇರಿಗೆ ಹೋಗಿದ್ದೆ. ಗುಮಾಸ್ತರು ಗಂಟಿನ ಮೇಲೆ ಅರಗು ಕರಗಿಸಿ ಮೊಹರು ಒತ್ತಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷವಾದರೂ ಅರಗೆಂದರೆ ನನಗೆ ಎದುರು ಮನೆಯ ಅಕ್ಕಸಾಲಿ ಅಣ್ಣ, ಅಣ್ಣನೆಂದರೆ ಆ ಬಯಲು...

ಆಗ ನಾನು ಶಿವಮೊಗ್ಗೆಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಯಜಮಾನರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ; ಅಲ್ಲೇ ಇದ್ದು ವಾರಕ್ಕೊಮ್ಮೆ ರೈಲಿಗೆ ಬರುತ್ತಿದ್ದರು. ನನ್ನ ತಾಳಿಯ ಕೊಂಡಿ ಸವೆದಿತ್ತು. ಅತ್ತೆ ನನ್ನ ಕೊರಳಿಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿ, ತಾಳಿಯನ್ನು ಬೆಸೆಯಲು ಅಣ್ಣನಿಗೆ ಕೊಡಿಸಿದರು. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ದಿನಾ ಇದನ್ನೇ ತಿರುವ್ತಾ ಕೂತಿರ್ತೀಯಾ ಮಾರಾಯ್ತಿ? ಭದ್ರಾವತಿ ರೈಲು ಬರೋತನಕ ಬೇರೆ ಕೆಲ್ಸ ಇಲ್ವಾ ನಿಂಗೆ?" ಎಂದು ರೇಗಿಸಿದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಒಳಗಿನಿಂದಲೇ ನಕ್ಕಳು.

ಮಾರನೆಯ ದಿನ ಇಲಿ ಸತ್ತು ಬಿತ್ತು. ಬಿದ್ದದ್ದು ಅಣ್ಣನ ಮನೆಯಲ್ಲೇ, ಕುಲುಮೆಯ ಪಕ್ಕದಲ್ಲಿ. ಪ್ಲೇಗಿನ ಭಯ ಹೇಗಿತ್ತೆಂದರೆ, ಪುರಸಭೆಯವರು ಬಂದವರೇ ಅವರನ್ನು ಉಟ್ಟ ಬಟ್ಟೆಯಲ್ಲಿ ಹೊರಗೆ ಕಳಿಸಿ ಬೀಗ ಜಡಿದರು. ಒಡವೆಯ ಪೆಟ್ಟಿಗೆ ಒಳಗೇ ಉಳಿಯಿತು. ಕೇರಿಯವರೆಲ್ಲ ರಾಗಿಗುಡ್ಡದ ಕಡೆಯ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡೆವು.

ಅಲ್ಲಿ ಯಾರಾದರೂ ಕಂಕುಳು ಮುಟ್ಟಿಕೊಂಡರೆ ಸಾಕು, ಪಕ್ಕದವರು ಎದ್ದು ದೂರ ಹೋಗುತ್ತಿದ್ದರು. ನಾನೂ ಗಂಟು ಎದ್ದಿದೆಯೇ ಎಂದು ಕದ್ದು ಕದ್ದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ನನ್ನ ಕೊರಳಿನ ಕೊಂಬನ್ನೇ ನೋಡುತ್ತಿದ್ದರು. ಅದು ಒಣಗಿ ಸುಕ್ಕಾಗುತ್ತಿತ್ತು.

ಅಷ್ಟರಲ್ಲಿ ಭದ್ರಾವತಿಯಿಂದ ಬಂದವರೊಬ್ಬರು ಯಜಮಾನರಿಗೆ ಜ್ವರ, ಮೈಮೇಲೆ ಎಚ್ಚರವಿಲ್ಲ ಎಂದರು. ಅಲ್ಲಿಗೆ ಹೋಗಲು ನಮ್ಮನ್ನು ಯಾರೂ ಬಿಡುವಂತಿರಲಿಲ್ಲ. ಅತ್ತೆ ಎದೆ ಬಡಿದುಕೊಂಡರು. "ತಾಳಿ ಇಲಿ ಬಿದ್ದ ಮನೇಲಿ ಕೂತಿದೆ. ಇನ್ನೇನು ಆಗ್ಬೇಕು ನನ್ ಮಗಂಗೆ?"

ಇದು ಪಕ್ಕದ ಗುಡಿಸಲಲ್ಲಿದ್ದ ಅಣ್ಣನ ಕಿವಿಗೆ ಬಿತ್ತು. ಎದ್ದು ರುಮಾಲು ಸುತ್ತಿಕೊಂಡರು. ನಾನು ಅಡ್ಡ ನಿಂತು ಬೇಡವೆಂದು ಗೋಗರೆದೆ. ಅಕ್ಕ ಅವರ ತೋಳು ಹಿಡಿದಳು.

"ಇವಳದೊಂದೇ ಅಲ್ವಲ್ಲೇ. ಕೇರಿ ಹೆಣ್ಮಕ್ಕಳ ಮೈಮೇಲಿಂದೆಲ್ಲ ನನ್ ಮನೇಲಿದೆ. ಕಳ್ಳ ನುಗ್ಗಿದ್ರೆ ಯಾರಿಗೆ ಮುಖ ತೋರಿಸ್ಲಿ?" ಎಂದು ಕೈ ಬಿಡಿಸಿಕೊಂಡು ಹೋದರು.

ಹೆಂಚು ತೆಗೆದು ಒಳಗಿಳಿದರಂತೆ. ಸಂಜೆಗೆ ಪೆಟ್ಟಿಗೆ ಹೊತ್ತು ಬಂದವರು ಗುಡಿಸಲಿನ ಹತ್ತಿರ ಸುಳಿಯಲಿಲ್ಲ. ದೂರದ ಹುಣಸೆಮರದ ಬುಡದಲ್ಲಿ ಕುಳಿತು ಇದ್ದಿಲು ಹೊತ್ತಿಸಿದರು. ಒಂದೊಂದೇ ಒಡವೆಯನ್ನು ಊದುಗೊಳವೆಯಿಂದ ಊದಿ ಊದಿ ಕೆಂಪಗೆ ಕಾಸಿ ನೀರಿಗೆ ಹಾಕಿದರು. ಬೆಂಕಿ ಹೊಕ್ಕು ಬಂದ ಚಿನ್ನಕ್ಕೆ ರೋಗ ಅಂಟದು ಎಂಬುದು ಅವರ ನಂಬಿಕೆ. ನನ್ನ ತಾಳಿಗೆ ಹೊಸ ಕೊಂಡಿ ಬೆಸೆದು, ಒಂದು ಬಂಡೆಯ ಮೇಲಿಟ್ಟು ಹಿಂದೆ ಸರಿದು ನಿಂತರು. ನಾನು ಹೋಗಿ ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು.

ಕಲ್ಲಿನ ಓಲೆಗಳದೇ ತೊಡಕು. ಅವುಗಳ ಕೆಂಪು ಕಲ್ಲುಗಳನ್ನು ಕೂಡಿಸುವುದು ಅರಗಿನ ಮೇಲೆ. ಬೆಂಕಿಗೆ ಹಿಡಿದರೆ ಅರಗು ಉರಿದು ಕಲ್ಲು ಸೀಳುತ್ತದೆ. ಹಾಗೇ ಕೊಡಲು ಅಣ್ಣನಿಗೆ ಮನಸ್ಸಿಲ್ಲ. ಮಂಡಿ ಸಾಹುಕಾರರ ಮನೆಯಾಕೆ, "ಕೆಂಪು ನುಂಗೋಕೆ ಒಳ್ಳೇ ನೆಪ ಸಿಕ್ತು ನಿಂಗೆ" ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ಅಣ್ಣ ಅರಗನ್ನು ಮೆತ್ತಗೆ ಮಾಡಿ, ಚಿಮಟದಿಂದ ಒಂದೊಂದೇ ಕಲ್ಲು ಕಿತ್ತು ಕುದಿನೀರಿಗೆ ಹಾಕುತ್ತ ಕುಳಿತರು. ಗಾಳಿ ಬೀಸಿದಾಗಲೆಲ್ಲ ಅರಗಿನ ವಾಸನೆ ನಮ್ಮ ತನಕ ಬರುತ್ತಿತ್ತು. ಅಕ್ಕ ಗಂಜಿಯನ್ನು ಬಂಡೆಯ ಮೇಲಿಟ್ಟು ಬರುತ್ತಿದ್ದಳು.

ಒಂದು ಬೆಳಿಗ್ಗೆ ಆ ಗಂಜಿ ಹಾಗೇ ಇತ್ತು. ಅಕ್ಕ ಕೂಗಿದಳು. ಅಣ್ಣ ಮಲಗಿದ್ದಲ್ಲಿಂದಲೇ ಕೈಯೆತ್ತಿ, ಬರಬೇಡ ಎಂಬಂತೆ ಬೀಸಿದರು. ಕೇರಿಯವರು ಅಕ್ಕನನ್ನು ಹಿಡಿದುಕೊಂಡರು. ಅವಳು ಅವರ ಕೈ ಕಚ್ಚಿ ಓಡಿಹೋಗಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಣ್ಣ ಉಳಿಯಲಿಲ್ಲ. ಕಿತ್ತ ಕಲ್ಲುಗಳು ಬಟ್ಟಲ ತಳದಲ್ಲಿ ಕೆಂಪಗೆ ಕೂತಿದ್ದವು... ಸಾಹುಕಾರರ ಮನೆಯಾಕೆಯೂ ಅವನ್ನು ಮುಟ್ಟಲಿಲ್ಲ.

ನಮ್ಮ ಯಜಮಾನರದು ಬರೀ ಮಲೇರಿಯಾ ಜ್ವರವಂತೆ. ಬಿಳಿಚಿಕೊಂಡು, ರೈಲಿಳಿದು ನಡೆದೇ ಬಯಲಿಗೆ ಬಂದರು. ಅವತ್ತೇ ಹೆಂಗಸರು ಅಕ್ಕನ ಸುತ್ತ ಕೂತಿದ್ದರು. ಯಾರೋ ಅವಳ ಕೊರಳಿಗೆ ಕೈ ಹಾಕಿದಾಗ, "ನಾನೇ ಬಿಚ್ತೀನಿ ಬಿಡಿ" ಎಂದಳು. ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನನ್ನತ್ತ ತಿರುಗಿದಳು.

"ನಿಂದು ಗಟ್ಟಿ ಕೂತಿದೆಯೇನೇ, ಅವ್ರು ಬೆಸೆದಿದ್ದು?"

ನಾನು ಕೊಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಅಕ್ಕ ಈಗಲೂ ಎದುರು ಮನೆಯಲ್ಲೇ ಇದ್ದಾಳೆ. ಕುಲುಮೆ ಇದ್ದ ಜಾಗದಲ್ಲಿ ಸೌದೆ ಪೇರಿಸಿದ್ದಾಳೆ. ಒಮ್ಮೊಮ್ಮೆ ಮಜ್ಜಿಗೆಗೆಂದು ನಮ್ಮಲ್ಲಿಗೆ ಬರುತ್ತಾಳೆ. ಬಾಗಿಲಲ್ಲಿ ಅವಳ ದನಿ ಕೇಳಿದೊಡನೆ ನನ್ನ ಕೈ ತಾನಾಗಿ ಸೆರಗೆಳೆದು ಕೊರಳು ಮುಚ್ಚುತ್ತದೆ. ಅವಳು ಅದನ್ನು ನೋಡಿಯೂ ನೋಡದವಳಂತೆ ನೇರ ಅಡುಗೆಮನೆಗೆ ನಡೆಯುತ್ತಾಳೆ.