ಬಾರದ ಲೆಕ್ಕ

ಬೇಗ ಲೆಕ್ಕ ಮುಗಿಸಿದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಮೊದಲ ಬಹುಮಾನ ಯಾವುದೆಂದು ಬಲ್ಲಿರಾ? ಕುಡಿಯುವ ನೀರಿನ ಬಿಂದಿಗೆ. ಮಿಕ್ಕವರು ಇನ್ನೂ ಹಾಳೆಯ ಮೇಲೆ ಬಾಗಿ ಬೆವರುತ್ತಿರುವಾಗ ಸುಮ್ಮನೆ ಕುಳಿತ ಮಗುವನ್ನು ಕಂಡರೆ ಮೇಷ್ಟ್ರಿಗೆ ಕೊಠಡಿಯ ಮೂಲೆಯ ಖಾಲಿ ಬಿಂದಿಗೆ ನೆನಪಾಗುತ್ತದೆ. ನೀರು ತಂದಾದ ಮೇಲೆ ಸೀಮೆಸುಣ್ಣ, ಅದಾದ ಮೇಲೆ ಗಲಾಟೆ ಮಾಡುವವರ ಹೆಸರು ಬರೆಯುವ ಅಧಿಕಾರ. ಜಾಣತನವೆಂದರೆ ನಮ್ಮಲ್ಲಿ ಒಂದು ಬಗೆಯ ಬಿಡುವು. ಆ ಬಿಡುವನ್ನು ತುಂಬಲು ಏನಾದರೂ ಚಾಕರಿ ಬೇಕು, ಅಷ್ಟೆ.

ವನಗೂರಿನ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ಗಣಿತ ಹೇಳುತ್ತೇನೆ. ಲಾವಣ್ಯ ಎಂಬ ಹುಡುಗಿ ಒಂಬತ್ತನೆಯ ತರಗತಿಗೆ ಬಂದಾಗ ಆ ಬಿಂದಿಗೆ ಖಾಲಿಯಾಗಿದ್ದುದೇ ಅಪರೂಪ. ಇಳಿಜಾರಿನಲ್ಲಿ ತುಂಡು ಕಾಫಿ ತೋಟ ಮಾಡಿಕೊಂಡ ಮನೆಯವಳು, ಮಾತು ಕಡಿಮೆ. ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆದು ತಿರುಗುವಷ್ಟರಲ್ಲಿ ಅವಳ ಪೆನ್ನು ಕೆಳಗಿಟ್ಟಾಗಿರುತ್ತಿತ್ತು. ಆಮೇಲೆ ಕಣ್ಣು ಕಿಟಕಿಯಾಚೆ. ಆ ಕಣ್ಣುಗಳಲ್ಲಿ ತುಂಟತನವಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕಾಯುವವರ ಕಣ್ಣು ಹೇಗಿರುತ್ತದೆಯೋ ಹಾಗಿರುತ್ತಿದ್ದವು.

ಇವಳಿಗಾಗಿ ಬೇರೆ ಏನಾದರೂ ಮಾಡಬೇಕೆಂದು ಮುಖ್ಯೋಪಾಧ್ಯಾಯರ ಬಳಿ ಹೇಳಿದೆ. ಸಜ್ಜನರು, ಮಕ್ಕಳ ಮೇಲೆ ಅಕ್ಕರೆಯುಳ್ಳವರು. "ಹಿಂದೆ ಉಳಿದೋರನ್ನ ಕೈ ಹಿಡಿದು ಎತ್ತಿ ಕಣ್ರೀ ಮೇಡಂ. ಚುರುಕಾದೋರು ತಾವಾಗೇ ಏಳ್ತಾರೆ," ಎಂದರು. ಮಾತು ತಪ್ಪೆಂದು ತಳ್ಳಿಹಾಕುವಂತಿರಲಿಲ್ಲ. ಗುಣಾಕಾರವೇ ಬಾರದ ಮಕ್ಕಳು ನನ್ನ ತರಗತಿಯಲ್ಲಿಯೇ ಇದ್ದರು. ಆದರೆ ತಾವಾಗಿಯೇ ಏಳುವವರು ಎಲ್ಲಿಗೆ ಏಳುತ್ತಾರೆ ಎಂದು ನೋಡಿದವರು ಯಾರು? ಫಲಿತಾಂಶ ಬಂದ ಮೇಲೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಪ್ರತಿಭೆಗೆ ನಮ್ಮಲ್ಲಿ ಪುರಸ್ಕಾರವುಂಟು, ಪರಿಚರ್ಯೆಯಿಲ್ಲ.

ಒಂದು ದಿನ ಅವಳನ್ನು ನೀರಿಗೆ ಕಳಿಸದೆ ಪಠ್ಯದಲ್ಲಿಲ್ಲದ ಪ್ರಶ್ನೆಯೊಂದನ್ನು ಕೊಟ್ಟೆ. ಒಂದರ ಮುಂದೊಂದು ಬರುವ ಸಂಖ್ಯೆಗಳನ್ನು ಕೂಡಿಸುತ್ತ ಹೋಗು: ಒಂದು ಮತ್ತು ಎರಡು ಸೇರಿ ಮೂರು, ಎರಡು ಮತ್ತು ಮೂರು ಸೇರಿ ಐದು, ಒಂದು ಎರಡು ಮೂರು ಸೇರಿ ಆರು. ಹೀಗೆ ಹುಟ್ಟದೇ ಉಳಿಯುವ ಸಂಖ್ಯೆಗಳು ಯಾವುವು, ಏಕೆ? ಯಾವುವು ಎಂಬುದಕ್ಕೆ ಆ ಪೀರಿಯಡ್ ಮುಗಿಯುವುದರೊಳಗೆ ಉತ್ತರ ತಂದಳು: ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಹೀಗೆ ಇಮ್ಮಡಿಯಾಗುತ್ತ ಹೋಗುವವು. ಏಕೆ ಎಂಬುದು ಮಾತ್ರ ಬರಲಿಲ್ಲ. ಮರುದಿನವೂ ಬರಲಿಲ್ಲ. ಆ ವಾರ ಕಳೆಯುವುದರೊಳಗೆ ಅವಳೂ ಶಾಲೆಗೆ ಬರಲಿಲ್ಲ.

ಅವಳ ಬದಲು ತಾಯಿ ಜಯಮ್ಮ ಬಂದರು. ಜಗಲಿಯ ಕಂಬ ಹಿಡಿದು ನಿಂತು, "ಅದೇನ್ ಲೆಕ್ಕ ಕೊಟ್ಬುಟ್ರಿ ಮೇಡಮ್ಮೋರೆ? ಸರಿಯಾಗಿ ಉಣ್ಣಾಕಿಲ್ಲ, ಮಾತಾಡಾಕಿಲ್ಲ. ಇಸ್ಕೂಲಿಗೇ ಹೋಗಾಕಿಲ್ಲ ಅಂತ ಕುಂತೈತೆ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಗಾಬರಿಯಿತ್ತು.

ಶಾಲೆ ಬಿಟ್ಟ ಮೇಲೆ ಅವರ ಜೊತೆಯಲ್ಲೇ ಗುಡ್ಡ ಹತ್ತಿದೆ. ಲಾವಣ್ಯ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಹಣ್ಣನ್ನು ಕಾಲಿನಿಂದ ಹರವುತ್ತಿದ್ದಳು. ನನ್ನನ್ನು ಕಂಡದ್ದೇ ಹರವುವುದನ್ನು ನಿಲ್ಲಿಸಿದಳು.

"ನಾನು ಜಾಣೆ ಅಂತ ಎಲ್ರೂ ಸುಳ್ಳೇ ಹೇಳಿದ್ರು ಅಲ್ವಾ ಮಿಸ್?"

ಗೆಳೆಯರೇ, ಆ ಪ್ರಶ್ನೆಯ ಆಳ ಆಗ ನನಗೆ ತಿಳಿಯಿತು. ಎಡವಿ ಎದ್ದು ಅಭ್ಯಾಸವಾದ ಮಕ್ಕಳಿಗೆ ಬಾರದ ಲೆಕ್ಕವೆಂದರೆ ಇನ್ನೊಂದು ಬಾರದ ಲೆಕ್ಕ, ಅಷ್ಟೆ. ಎಂದೂ ಎಡವದ ಈ ಹುಡುಗಿಗೆ ಅದು ತನ್ನ ಹೆಸರನ್ನೇ ಯಾರೋ ಅಳಿಸಿದಂತೆ. ಸುಲಭವಾದದ್ದನ್ನೇ ಕೊಟ್ಟು ಕೊಟ್ಟು, ಸೋಲುವ ವಿದ್ಯೆಯೊಂದನ್ನು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

"ಉತ್ತರ ಹೇಳ್ಬುಡಿ ಮಿಸ್, ಸಾಕು," ಎಂದಳು.

"ಹೇಳಲ್ಲ," ಎಂದೆ. "ಇದೇ ಲೆಕ್ಕ ಹಿಡ್ಕೊಂಡು ಕಾಲೇಜಲ್ಲಿ ನಾನೂ ಒದ್ದಾಡಿದ್ದೆ. ಹಾಸ್ಟೆಲ್ಲಲ್ಲಿ ಕೂತು ಅತ್ತೂ ಇದ್ದೆ. ಕೊನೆಗೂ ನನಗೆ ಬರ್ಲಿಲ್ಲ, ಗೆಳತಿ ಹೇಳಿಕೊಟ್ಟಳು."

ಅವಳು ನನ್ನ ಮುಖವನ್ನೇ ನೋಡಿದಳು, ನಂಬಬೇಕೋ ಬೇಡವೋ ಎನ್ನುವಂತೆ. ಜಯಮ್ಮ ಕಾಫಿ ತಂದುಕೊಟ್ಟು, "ಮೇಡಮ್ಮೋರಿಗೇ ಬರ್ನಿಲ್ವಂತೆ, ನಿಂಗೇನ್ ಬಂದೈತೆ ರೋಗ? ನಾಳೆಯಿಂದ ಹೊಂಟ್ಕಳೆ," ಎಂದು ಗದರಿದರು. ಹುಡುಗಿಯ ತುಟಿಯಂಚಿನಲ್ಲಿ ನಗು ಮೂಡಿತೋ ಇಲ್ಲವೋ, ಇಳಿಹೊತ್ತಿನ ಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ.

ಮರುದಿನ ಶಾಲೆಗೆ ಬಂದಳು. ಲೆಕ್ಕದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೊಯ್ಲು ಮುಗಿಯುತ್ತ ಬಂದ ದಿನಗಳಲ್ಲಿ, ಒಂದು ಮಧ್ಯಾಹ್ನ ಬಿಸಿಯೂಟವಾದ ಮೇಲೆ ಊಟದ ಡಬ್ಬಿಯಿಂದ ಹಿಡಿಯಷ್ಟು ಒಣ ಕಾಫಿ ಹಣ್ಣು ತೆಗೆದು ಜಗಲಿಯ ಮೇಲೆ ಸುರಿದಳು. ಮೂರು, ನಾಲ್ಕು, ಐದು ಎಂದು ಸಾಲಾಗಿ ಜೋಡಿಸಿದಳು, ಮೆಟ್ಟಿಲಾಯಿತು. ಅಂಥದೇ ಇನ್ನೊಂದು ಮೆಟ್ಟಿಲನ್ನು ಮಗುಚಿ ಪಕ್ಕಕ್ಕೆ ಸೇರಿಸಿದಳು. ಸಾಲಿಗೆ ಎಂಟರಂತೆ ಮೂರು ಸಾಲಿನ ಚೊಕ್ಕ ಆಯತವಾಯಿತು.

"ಎಂಥ ಮೆಟ್ಟಿಲು ಹಾಕಿದ್ರೂ ಆಯತದ ಒಂದು ಬದಿ ಸಮ, ಒಂದು ಬದಿ ಬೆಸ ಬರ್ತೈತೆ ಮಿಸ್. ಎಂಟು, ಹದಿನಾರನ್ನ ಡಬಲ್ ಮಾಡಿ ಎಷ್ಟು ಒಡೆದ್ರೂ ಬರೀ ಎರಡೆರಡೇ. ಅದ್ರೊಳಗೆ ಬೆಸ ಎಲ್ಲಿಂದ ಬರ್ಬೇಕು?"

ಸುತ್ತ ನೆರೆದ ಮಕ್ಕಳು ತಾವೂ ಮೆಟ್ಟಿಲು ಕಟ್ಟತೊಡಗಿದರು. ಗುಣಾಕಾರ ಬಾರದವರೂ ಕಟ್ಟಿದರು. ಕಟ್ಟಿದ್ದನ್ನು ಬೆರಳಿಟ್ಟು ಎಣಿಸಿದರು. ಕೊಠಡಿಯಿಂದ ಹೊರಬಂದ ಮುಖ್ಯೋಪಾಧ್ಯಾಯರು ಹಣ್ಣು ತುಳಿಯದಂತೆ ಪಂಚೆ ಎತ್ತಿಕೊಂಡು ದಾಟಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಹಿಂತಿರುಗಿ ಕುಕ್ಕರಗಾಲಿನಲ್ಲಿ ಕುಳಿತರು.

ನನ್ನ ಗೆಳತಿ ಹೇಳಿಕೊಟ್ಟ ದಾರಿ ಇದಾಗಿರಲಿಲ್ಲ. ಅದರಲ್ಲಿ ಅಕ್ಷರಗಳಿದ್ದವು, ಸಮೀಕರಣಗಳಿದ್ದವು; ಹೀಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ಶಹಬ್ಬಾಸ್ ಎನ್ನಲು ಬಾಯಿ ತೆರೆದೆ. ಅವಳಿಗೆ ಅದು ಬೇಕಿದ್ದಂತೆ ತೋರಲಿಲ್ಲ.

"ಇನ್ನೊಂದು ಕೊಡಿ ಮಿಸ್," ಎಂದಳು. "ಬೇಗ ಬರೋದು ಬ್ಯಾಡ. ನಿಮಗೂ ಬರ್ದೇ ಇರೋದು ಯಾವ್ದಾರ ಐತಾ?"

ಇತ್ತು. ಬೇಕಾದಷ್ಟಿದ್ದವು. ಗಂಟೆ ಹೊಡೆಯುವ ಮುಂಚೆಯೇ ತರಗತಿಗೆ ಹೋದೆವು. ಇಷ್ಟು ವರ್ಷಗಳ ಮೇಷ್ಟ್ರುತನದಲ್ಲಿ ಮೊದಲ ಬಾರಿಗೆ, ನನಗೆ ಉತ್ತರ ಗೊತ್ತಿಲ್ಲದ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬರೆದು, ಬಂದು ಅವಳ ಬೆಂಚಿನಲ್ಲಿ ಕುಳಿತೆ.