ಬಿರುಕಪ್ಪ ಕೈಕಟ್ಟಿ ಕುಳಿತದ್ದು

ಅಪ್ಪ ಅಮ್ಮ ಅವನಿಗೆ ಬೇರೆ ಏನೋ ಹೆಸರಿಟ್ಟಿದ್ದರು. ಅದು ಅವನಿಗೇ ಮರೆತು ಇಪ್ಪತ್ತು ವರ್ಷವಾಗಿರಬೇಕು. ಊರಿಗೆಲ್ಲ ಅವನು ಬಿರುಕಪ್ಪ. ಗಾರೆ ಕೆಲಸದವನು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ಅವನ ಬಲಗೈ ಅವನನ್ನು ಕೇಳದೆಯೇ ಕರಣೆ ಹಿಡಿಯುತ್ತಿತ್ತು. ಹೆಣ್ಣು ನೋಡಲು ಹೋದಾಗ ಅವರ ಮನೆಯ ಗೋಡೆ ಮೆತ್ತಿ ಮುಗಿಸಿದ ಮೇಲೆಯೇ ಹೆಣ್ಣಿನ ಮುಖ ನೋಡಿದನಂತೆ. ಹೆಂಡತಿ ಇದನ್ನು ಅಲ್ಲಗಳೆಯುವುದಿಲ್ಲ. "ಒಂದಲ್ಲ, ಎರಡು ಗೋಡೆ" ಎಂದು ತಿದ್ದುತ್ತಾಳೆ, ಅಷ್ಟೆ.

ಇಂಥವನಿಗೆ ಇಪ್ಪತ್ತೊಂದು ದಿನ ಸುಮ್ಮನಿರುವ ಶಿಕ್ಷೆ ಬಂತು.

ಊರ ನಡುವೆ ಹಳೆಯ ತೂಕದ ಮನೆಯೊಂದಿದೆ. ಹಿಂದೆ ಸುತ್ತಲಿನ ಧಾನ್ಯವೆಲ್ಲ ಅಲ್ಲಿ ತೂಗಿಸಿಕೊಂಡು ಹೋಗುತ್ತಿತ್ತು. ಈಗ ಅವನ ಅಕ್ಕ ಅಲ್ಲಿ ವಾಚನಾಲಯ ನಡೆಸುತ್ತಾಳೆ. ಉತ್ತರದ ಗೋಡೆ ಬಿರಿದು ಚಾವಣಿಯ ತೊಲೆ ಜಾರತೊಡಗಿತ್ತು. ಹೊಸ ತೊಲೆ ಹಾಕಿಸುವ ತಾಕತ್ತು ಊರಿಗಿಲ್ಲ. ಮಳೆಗಾಲದೊಳಗೆ ಸರಿಯಾಗದಿದ್ದರೆ ಕೆಡವುತ್ತೇವೆಂದು ಬಾಗಿಲಿಗೆ ನೋಟೀಸು ಬಿದ್ದಿತ್ತು. ಹಳ್ಳಿಗಳ ಹಳೆಯ ಕಟ್ಟಡ ಉಳಿಸಲು ಸಣ್ಣ ಅನುದಾನ ಕೊಡುತ್ತಾರೆಂದು ತಿಳಿದು ಅಕ್ಕ ಅರ್ಜಿ ಹಾಕಿದಳು. ಷರತ್ತು ಒಂದೇ: ಅಧಿಕಾರಿ ಬಂದು ಹಾನಿಯನ್ನು ಇದ್ದ ಹಾಗೆ ನೋಡಬೇಕು. ಅದಕ್ಕೆ ಮೊದಲೇ ರಿಪೇರಿಗೆ ಕೈಹಾಕಿದರೆ ಅರ್ಜಿ ವಜಾ.

"ಲೋ, ಕೇಳಿಸ್ತೇನೋ? ಆ ಗೋಡೆ ಮುಟ್ಟಿದ್ರೆ ಕಟ್ಟಡ ಹೋಗತ್ತೆ. ಹೋದ್ರೆ ಹನ್ನೊಂದು ಬೀರು ಪುಸ್ತಕ ನಿನ್ನ ಮನೆಗೆ ಬರತ್ತೆ. ಹಿಂದೇನೇ ನಾನೂ ಬರ್ತೀನಿ" ಅಂದಳು ಅಕ್ಕ.

ಹೆಂಡತಿ ಅಂದೇ ಅವನ ಕರಣೆಯನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು.

ಮೊದಲ ವಾರ ಬಿರುಕಪ್ಪ ಸೌಟು ಹಿಡಿದು ಊರ ಮನೆಗಳನ್ನೆಲ್ಲ ಮೆತ್ತಿದ. ಎರಡನೆಯ ವಾರದ ಹೊತ್ತಿಗೆ ನುಸುಳಲು ಸಂದಿಯೇ ಸಿಗದೆ ಇರುವೆಗಳು ಪಕ್ಕದೂರಿಗೆ ಗುಳೆ ಹೋದವು. ಮೂರನೆಯ ವಾರ ನೆರೆಮನೆಯ ಅಜ್ಜಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಅವಳ ಒಡೆದ ಹಿಮ್ಮಡಿಯನ್ನು ಇವನು ನೋಡಿದ ನೋಟಕ್ಕೆ ಅಜ್ಜಿ ಎದ್ದು ಓಡಿದಳು. ಹತ್ತು ವರ್ಷದಿಂದ ಕೋಲಿಲ್ಲದೆ ಹೆಜ್ಜೆ ಇಟ್ಟವಳಲ್ಲ.

ಇಪ್ಪತ್ತೊಂದನೆಯ ದಿನ ಅಧಿಕಾರಿ ಬಂದರು. ಕನ್ನಡಕದ ಹೆಂಗಸು, ಕುತ್ತಿಗೆಗೆ ಕ್ಯಾಮೆರಾ. ಅಕ್ಕ ಅವರನ್ನು ಒಳಗೆ ತೊಲೆ ತೋರಿಸಲು ಕರೆದುಕೊಂಡು ಹೋದಳು. ಹೊರಗೆ ಬಿರುಕಪ್ಪ ಮತ್ತು ಬಿರುಕು, ಇಬ್ಬರೇ. ಅವರು ತಿರುಗಿ ಬರುವಷ್ಟರಲ್ಲಿ ಜೇಬಿನ ಸುಣ್ಣದ ಗಾರೆ ಬಿರುಕಿಗಿಳಿದಿತ್ತು. ಅದನ್ನು ಮುಚ್ಚಲು ಅವನು ಹೆಬ್ಬೆರಳನ್ನು ಅಲ್ಲೇ ಒತ್ತಿ ನಿಂತ.

"ಅಲ್ಯಾಕೆ ಬೆರಳಿಟ್ಟಿದಾರೆ?"

"ಅಳತೆಗೆ, ಮೇಡಂ," ಅಂದಳು ಅಕ್ಕ, ತಮ್ಮನನ್ನು ಕಣ್ಣಲ್ಲೇ ಸುಡುತ್ತಾ. "ಬಿರುಕು ಎಷ್ಟು ಅಗಲ ಅಂತ ಫೋಟೋದಲ್ಲಿ ಗೊತ್ತಾಗ್ಬೇಕಲ್ಲ."

"ಒಳ್ಳೇದಾಯ್ತು. ಬೇರೆ ಕಡೆ ಬೆಂಕಿಪೊಟ್ಟಣ ಇಡ್ತಾರೆ." ಕ್ಯಾಮೆರಾ ಕ್ಲಿಕ್ಕೆಂದಿತು. "ಈಗ ಬೆರಳು ತೆಗೀರಿ, ಬರೀ ಬಿರುಕಿನದೊಂದು."

ಬಿರುಕಪ್ಪ ಆಕಾಶ ನೋಡಿದ. "ಬರ್ತಾ ಇಲ್ಲ ಮೇಡಂ."

"ಅಂದ್ರೆ?"

"ಬೆರಳಿಗೆ ಇಷ್ಟ ಇಲ್ಲ."

ಅಕ್ಕ ಅವನ ಮೊಣಕೈ ಹಿಡಿದು ಎಳೆದಳು. ಬೆರಳು ಬಂತು, ಹಿಂದೆ ಅಂಗುಲ ಉದ್ದದ ಹಸಿ ಗಾರೆ ಹಲ್ಲು ಕಿರಿಯಿತು. ಅಧಿಕಾರಿ ಬಗ್ಗಿ, ಉಗುರಲ್ಲಿ ಕೆರೆದು, ಮೂಸಿದರು.

"ತಡ್ಕೊಳ್ಳೋಕಾಗ್ಲಿಲ್ಲ" ಅಂದ ಬಿರುಕಪ್ಪ, ಸಣ್ಣ ದನಿಯಲ್ಲಿ. "ತಪ್ಪು ನಂದು, ಅಕ್ಕಂದಲ್ಲ."

"ಸಿಮೆಂಟಾಗಿದ್ದಿದ್ರೆ ಇಲ್ಲಿಂದ್ಲೇ ವಾಪಸ್ ಹೋಗ್ತಿದ್ದೆ. ಹಳೇ ಗೋಡೆಗಳನ್ನ ಸಿಮೆಂಟಲ್ಲೇ ಕೊಂದು ಹಾಕಿದಾರೆ ಎಲ್ಲ ಕಡೆ. ಇದು ಸುಣ್ಣ. ಯಾರು ಕಲಿಸಿದ್ರು?"

"ಗೋಡೇನೇ."

ಅಧಿಕಾರಿ ಉಗುರಿನ ಗಾರೆ ಒರೆಸಿಕೊಂಡರು. "ನಿಯಮ ನಿಯಮಾನೇ. ಹಾಕಿದ್ದನ್ನ ನೀವೇ ಕಿತ್ತು ತೆಗೀರಿ. ಆಮೇಲೆ ಬರ್ಕೋತೀನಿ."

ಹುಟ್ಟಿದಂದಿನಿಂದ ಬಿರುಕಪ್ಪ ಮುಚ್ಚಿದ್ದುಂಟು, ತೆರೆದದ್ದಿಲ್ಲ. ಮೊಳೆ ಹಿಡಿದು ಅರ್ಧ ಗಂಟೆ ಕೆದಕಿದ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಅತ್ತಿರಲಿಲ್ಲವೆಂದು ಹೆಂಡತಿ ಹೇಳುತ್ತಾಳೆ.

ತಿಂಗಳು ಕಳೆದು ಮಂಜೂರಾತಿ ಪತ್ರ ಬಂತು. ಕೆಲಸ ಸುಣ್ಣದಲ್ಲೇ ಆಗಬೇಕು, ಇದೇ ಮನುಷ್ಯನಿಂದಲೇ ಆಗಬೇಕು ಎಂದಿತ್ತು. ಅಕ್ಕ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಏಣಿಯ ತುದಿಯಲ್ಲಿದ್ದ.

"ಇಳಿಯೋ ಕೆಳಗೆ. ಸೋಮವಾರದಿಂದ ಶುರು ಮಾಡ್ಬೇಕು ಅಂತ ಬರ್ದಿದೆ."

"ಇವತ್ತೇನು ವಾರ?"

"ಶುಕ್ರವಾರ."

ಬಿರುಕಪ್ಪ ಯೋಚಿಸಿದ. ಇಳಿದು ಮತ್ತೆ ಹತ್ತುವುದು ಸುಮ್ಮನೆ ದಂಡ ಎನಿಸಿತು. ಕೈಕಟ್ಟಿ ಅಲ್ಲೇ ಕುಳಿತ. ಮೂರು ದಿನ ಊಟ ಮೇಲಕ್ಕೇ ಹೋಯಿತು.