ಮುಳ್ಳು ಸರಿಸಿಡುತ್ತಿದ್ದ ಆಚಾರ್ರು

ಆಚಾರ್ರ ಹಲ್ಲುಗಳ ನಡುವೆ ಗೇಣುದ್ದದ ಒಂದು ಹಲಸಿನ ಕಡ್ಡಿ ಇರುತ್ತಿತ್ತು. ಒಂದು ತುದಿಯನ್ನು ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಬಿಚ್ಚಿಟ್ಟ ರೇಡಿಯೊದ ಒಳಗೆ ತಾಗಿಸಿ ಕಣ್ಣು ಮುಚ್ಚಿದರೆಂದರೆ ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಬೇಕು. ಅವರ ಬಲಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಎಡಗಿವಿ ಅರ್ಧಂಬರ್ಧ. ಸೆಟ್ಟಿನ ಗುಂಯ್‌ಗುಡುವಿಕೆ ಮರದ ಮೂಲಕ ಹಲ್ಲಿಗೆ ಬಂದು, ಹಲ್ಲಿನಿಂದ ತಲೆಗೇರುತ್ತದೆ ಎನ್ನುತ್ತಿದ್ದರು. ಕಡ್ಡಿಯ ತುದಿ ಅವರ ಹಲ್ಲಿನ ಗುರುತಿಗೆ ಸವೆದು ಕಬ್ಬಿನ ಸಿಪ್ಪೆಯಂತಾಗಿತ್ತು.

"ಮರಗೆಲಸದೋರ ಮನೇಲಿ ಉಟ್ಟು ತಂತಿ ಇಡ್ಕಂಡ ಅಂತ ನಮ್ಮಪ್ಪ ಸಾಯೋಗಂಟ ಬೈತಿದ್ದ. ನೋಡು, ಕೊನೆಗೂ ಮರ ನನ್ ಬಾಯಿ ಬುಡ್ಲಿಲ್ಲ" ಎಂದು ನಗುತ್ತಿದ್ದರು.

ಹೊಸಹೊಳಲಿನಿಂದ ದಿನಾ ಸೈಕಲ್ಲಿನಲ್ಲಿ ಕೆ.ಆರ್. ಪೇಟೆಗೆ ಬಂದು ರೇಡಿಯೊ, ಟಿ.ವಿ. ರಿಪೇರಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ನಮ್ಮೂರು ಮಾಕವಳ್ಳಿಯ ಕಡೆ. ಕಾಲೇಜಿಗೆ ಹೊರಟರೆ ಸಿಗುತ್ತಿದ್ದದ್ದು ಬೆಳಗಿನ ಒಂದೇ ಬಸ್ಸು. ಏಳೂವರೆಗೆ ಪೇಟೆಗೆ ತಂದು ಇಳಿಸಿದರೆ ಕಾಲೇಜಿನ ಗೇಟು ತೆರೆಯುವುದು ಹತ್ತಕ್ಕೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಹೋಟೆಲಿನಲ್ಲಿ ಒಬ್ಬಳೇ ಕೂರುವ ಧೈರ್ಯ ನನಗಿರಲಿಲ್ಲ. ಒಂದು ದಿನ ಮಳೆಗೆ ಸರಿದು ಅವರ ಅಂಗಡಿಯ ಸೂರಿನಡಿ ನಿಂತೆ. "ಒಳಗ್ ಬಾ ಮಗಾ, ಬೆಂಚ್ ಖಾಲಿ ಐತೆ" ಎಂದರು. ಆ ಬೆಂಚಿನ ಮೇಲೆ ಮೂರು ವರ್ಷ ಓದಿದೆ.

ಆ ಬೆಳಗುಗಳು ಈಗ ನೀರಿನ ಒಳಗಿಂದ ನೋಡಿದ ಹಾಗೆ ಕಾಣುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಗಾಳಿಯೆಲ್ಲ ಬೆಲ್ಲದ ಪಾಕದ ವಾಸನೆ. ಬಿಸಿಲಿನ ಕೋಲಿನಲ್ಲಿ ಧೂಳು ನಿಧಾನ ಇಳಿಯುತ್ತಿತ್ತು. ಬಿಚ್ಚಿಟ್ಟ ನಾಲ್ಕಾರು ಸೆಟ್ಟುಗಳು ತಂತಮ್ಮೊಳಗೇ ಏನೋ ಗೊಣಗುತ್ತಿದ್ದವು: ಒಂದರಲ್ಲಿ ಅರ್ಧ ಹಾಡು, ಇನ್ನೊಂದರಲ್ಲಿ ಯಾವುದೋ ಭಾಷೆಯ ವಾರ್ತೆ, ಮತ್ತೊಂದರಲ್ಲಿ ಬರೀ ನಾಲೆಯ ನೀರಿನಂಥ ಸದ್ದು. ಪುಸ್ತಕ ತೊಡೆಯ ಮೇಲಿರುತ್ತಿತ್ತು. ಓದುತ್ತಿದ್ದೆನೋ, ತೂಕಡಿಸುತ್ತಿದ್ದೆನೋ, ಹೇಳಲಾರೆ.

ಆಚಾರ್ರಿಗೆ ಒಂದು ಪದ್ಧತಿ ಇತ್ತು. ಹಳೆಯ ರೇಡಿಯೊಗಳಲ್ಲಿ ಸ್ಟೇಷನ್ ತೋರಿಸುವ ಕೆಂಪು ಮುಳ್ಳು ಇರುತ್ತಿತ್ತಲ್ಲ, ಸೆಟ್ಟು ಕೆಟ್ಟಾಗ ಅದು ಮನೆಯವರು ಕೊನೆಗೆ ಕೇಳುತ್ತಿದ್ದ ಜಾಗದಲ್ಲೇ ನಿಂತಿರುತ್ತದೆ. ರಿಪೇರಿಗೆ ಬಂದ ಸೆಟ್ಟನ್ನು ಕೈಗೆತ್ತಿಕೊಂಡವರೇ ಮೊದಲು ಆ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಒಳಗೆ ಸಿಕ್ಕಿಸುವರು. ಆಮೇಲೆ ಮುಳ್ಳನ್ನು ಸ್ಟೇಷನ್ ಅಂಕಿಗಳ ಪಟ್ಟಿಯ ಕೊನೆಗೆ ಸರಿಸಿ ಕಪಾಟಿನಲ್ಲಿಡುವರು. ಕಪಾಟಿನಲ್ಲಿದ್ದ ಎಲ್ಲ ಸೆಟ್ಟುಗಳ ಮುಳ್ಳೂ ಒಂದೇ ಮೂಲೆಯಲ್ಲಿ. ಒಡೆಯನಿಗೆ ಕೊಡುವಾಗ ಮತ್ತೆ ಮೊದಲಿನ ಜಾಗಕ್ಕೆ ತಂದು ಕೊಡುವರು.

ಯಾಕೆ ಹಾಗೆ ಎಂದು ಕೇಳಿದ್ದೆ.

"ಯಾರ್ ಮನೇಲಿ ಯಾರು ಏನ್ ಕೇಳ್ತಾರೆ ಅನ್ನೋದು ರೋಡಿನೋರ್ಗ್ ಯಾಕವ್ವ? ರಿಪೇರಿಗ್ ಬಂದಿರೋದು ಸೆಟ್ಟು. ಮನೆ ಅಲ್ಲ."

ಒಮ್ಮೆ ನಾನು ಬೆಂಚಿನಲ್ಲಿ ಕೂತಿದ್ದಾಗಲೇ ಗಂಡಿನ ಕಡೆಯವರೊಬ್ಬರು ಬಂದರು. ಹೆಣ್ಣು ನಿಶ್ಚಯವಾಗುವುದರಲ್ಲಿತ್ತಂತೆ. ಹೆಣ್ಣಿನ ಮನೆಯ ರೇಡಿಯೊ ಇಲ್ಲಿಗೇ ಬರುತ್ತದೆಂದು ತಿಳಿದು ಬಂದಿದ್ದರು. "ಉಡ್ಗಿ ಓದ್ತಾಳೋ, ಇಲ್ಲ ಒತ್ತಾರೆಯಿಂದ ಬೈಗಿನ್ಗಂಟ ಸಿನಿಮಾ ಹಾಡೇ ಆಕ್ಕಂಡ್ ಕೂತಿರ್ತಾಳೋ, ನಿಮ್ಗೊತ್ತಿರ್ತದಲ್ಲ ಆಚಾರ್ರೇ?"

ಆಚಾರ್ರು ಕಡ್ಡಿಯನ್ನು ಬಾಯಿಂದ ತೆಗೆದರು. "ಆ ಸೆಟ್ಟಿಗೆ ನೆಗಡಿಯಾಗಿತ್ತು, ವಾಸಿ ಮಾಡ್ದೆ. ಡಾಕ್ಟ್ರ ಅತ್ರ ಓಗಿ ಅವ್ರ್ ಮನೇಲಿ ಏನ್ ಸಾರು ಅಂತ ಕೇಳ್ತೀರಾ ಸ್ವಾಮಿ?"

ಬಂದವರು ನಕ್ಕು ಹೋದರು. ಮದುವೆಯೂ ಆಯಿತು.

ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದೆ. ಪೇಟೆಯ ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ಸೌಂಡ್ ಮತ್ತು ಎಡಿಟಿಂಗ್ ಕೆಲಸ ಸಿಕ್ಕಿತು. ನಾನು ಕಂಪ್ಯೂಟರಿನ ಹಿಂದೆ ಕೂರುವವಳು. ಆದರೂ ಅವ್ವ ಡೇರಿಯಲ್ಲಿ ಹಾಲು ಅಳೆಯುವಾಗ "ನನ್ ಮಗಳು ಟಿ.ವಿ.ಲಿ ಅವ್ಳೆ" ಎಂದು ಹೇಳಿಕೊಂಡಿದ್ದಳು. ನಮ್ಮ ಬೀದಿಯವರೆಲ್ಲ ಹೊಸ ಫೋನು ತಂದರೆ ನನ್ನ ಕೈಗೇ ಕೊಡುತ್ತಿದ್ದರು. ಅದೇನೇನೋ ಕೇಳುತ್ತದೆ, ಓದಿದವಳು, ನೀನೇ ಒತ್ತು ಎನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಅದರಲ್ಲಿ ನನಗೆ ಜಂಬವೂ ಇತ್ತು.

ಚಾನೆಲ್ಲಿನ ಯಂತ್ರಗಳನ್ನು ನೋಡಿಕೊಳ್ಳಲು ವಾರಕ್ಕೆರಡು ದಿನ ಆಚಾರ್ರೇ ಬರುತ್ತಿದ್ದರು. ಆ ವರ್ಷ ಹಸುವಿನ ಹಿಂಡಿ ಮಾರುವ ಹೊರಗಿನ ಕಂಪನಿಯೊಂದು ನಮಗೆ ಜಾಹೀರಾತು ಕೊಟ್ಟಿತು. ಅದರದೇ ಒಂದು ಆಪ್ ಕೂಡ ಇತ್ತು: ಹಿಂಡಿಯ ಬೆಲೆ, ಹಸುವಿನ ಕಾಯಿಲೆ, ಎಲ್ಲ ಹೇಳುವಂಥದ್ದು. ಬೀದಿಯ ಅಷ್ಟೂ ಫೋನಿಗೆ ಅದನ್ನು ಹಾಕಿಕೊಟ್ಟವಳು ನಾನೇ. ಅದು ಮೈಕ್ ಬಳಸಲೇ ಎಂದು ಕೇಳಿದಾಗ ಪ್ರತಿ ಫೋನಿನಲ್ಲೂ ಹೂಂ ಎಂದು ಒತ್ತಿದ್ದೆ.

ಒಂದು ಮಧ್ಯಾಹ್ನ ಆಚಾರ್ರು ಅಂಗಡಿಗೆ ಕರೆಸಿದರು. ಬೆಂಚಿನ ಎದುರು ನಮ್ಮ ಚಾನೆಲ್ ಹಾಕಿದ್ದ ಟಿ.ವಿ. ಇತ್ತು. ಪಕ್ಕದಲ್ಲಿ ಸದ್ದನ್ನು ಹಸಿರು ಗೆರೆಯಾಗಿ ತೋರಿಸುವ ಅವರ ಹಳೆಯ ಪೆಟ್ಟಿಗೆ.

"ನಿಮ್ ಹಿಂಡಿ ಜಾಹೀರಾತು ಬತ್ತದೆ, ನೋಡ್ತಾ ಇರು" ಎಂದರು.

ಹಸು ಬಂತು, ನಗುವ ಹೆಂಗಸು ಬಂದಳು, ಹಾಡು ಬಂತು. ಹಾಡು ಮುಗಿದು ಒಂದು ಗಳಿಗೆ ಮೌನ. ಆ ಮೌನದಲ್ಲಿ ಗೆರೆ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಗದ್ದೆಯ ನೀರಿನ ಮೇಲೆ ಗಾಳಿ ಆಡಿದ ಹಾಗೆ ಸಣ್ಣಗೆ ನಡುಗುತ್ತಲೇ ಇತ್ತು.

"ನಂಗಂತೂ ಕಿವಿ ಇಲ್ಲ. ನಿಂಗೇನಾರ ಕೇಳಿಸ್ತಾ?"

ನನಗೂ ಏನೂ ಕೇಳಿಸಿರಲಿಲ್ಲ. ಆಫೀಸಿಗೆ ಹೋಗಿ ಆ ಜಾಹೀರಾತನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದೆ. ಮನುಷ್ಯರ ಕಿವಿಗೆ ಸಿಕ್ಕದಷ್ಟು ಎತ್ತರದ ಶ್ರುತಿಯಲ್ಲಿ, ಬೇಲಿಯ ಗೂಟದಂತೆ ಸಾಲಾಗಿ, ಒಂದು ಸದ್ದನ್ನು ನೆಟ್ಟಿದ್ದರು. ಟಿ.ವಿ. ಅದನ್ನು ಕೂಗುತ್ತದೆ. ಪಕ್ಕದಲ್ಲಿಟ್ಟ ಫೋನಿನ ಮೈಕ್ ಕೇಳಿಸಿಕೊಳ್ಳುತ್ತದೆ. ಈ ಮನೆಯವರು ಇಷ್ಟು ಹೊತ್ತಿಗೆ ಟಿ.ವಿ. ಮುಂದಿದ್ದರು ಎಂದು ಆಪ್ ಕಂಪನಿಗೆ ತಿಳಿಸುತ್ತದೆ. ಇಷ್ಟನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವ್ವನ ಫೋನು ದಿನಾ ಟಿ.ವಿ. ಸ್ಟ್ಯಾಂಡಿನ ಮೇಲೇ ಇರುತ್ತಿತ್ತು.

ಸಂಜೆ ಆಚಾರ್ರಿಗೆ ಹೇಳಿದೆ. ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟರು.

"ಕೇಳೋರ್ಗೆ ಒಳ್ಳೇದಾಗೋದಿದ್ರೆ ಕೇಳೋ ಅಂಗೇ ಮಾಡ್ತಿದ್ರು. ಕೇಳ್ಬಾರ್ದು ಅಂತ ಮಾಡವ್ರೆ ಅಂದ್ರೆ ಅದು ಕದ್ದು ನೋಡೋದೇಯ. ನಿಮ್ ಚಾನೆಲ್ ಯಜಮಾನ್ರಿಗ್ ಯೋಳು."

ಹೇಳಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ ಒಂದು ಕಡೆ. ಬೀದಿಯ ಫೋನುಗಳಿಗೆಲ್ಲ ಹೂಂ ಒತ್ತಿದ್ದು ನಾನೇ ಎಂಬ ನಾಚಿಕೆ ಇನ್ನೊಂದು ಕಡೆ. ಜಾಹೀರಾತಿನಿಂದ ಆ ಸದ್ದನ್ನಷ್ಟೇ ಕತ್ತರಿಸಿ ತೆಗೆದೆ, ಹಾಡನ್ನು ಹಾಗೇ ಬಿಟ್ಟೆ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಜಾಣತನ ಮಾಡಿದೆ ಎಂದುಕೊಂಡು ಆಚಾರ್ರಿಗೆ ಹೋಗಿ ಹೇಳಿದೆ.

"ಅವ್ರು ಕದ್ದು ಇಟ್ರು, ನೀನ್ ಕದ್ದು ತೆಗ್ದೆ" ಎಂದರು. "ನಾನೇನು ಯಾರ್ಗೂ ಯೋಳಕ್ಕಿಲ್ಲ. ನಿನ್ ಬಾಯಿ ನಿಂದು, ನಾನ್ ಕೈ ಆಕಕ್ಕಾಗಲ್ಲ. ಯೋಳಿದ್ರೆ ಮಾತ್ರ ಒಳ್ಳೇದು."

ಸ್ವಲ್ಪ ದಿನಕ್ಕೆ ಕಂಪನಿಯಿಂದ ಯಜಮಾನರಿಗೆ ಫೋನು ಬಂತು. ಎಲ್ಲ ಊರಿನಿಂದಲೂ ನಮಗೆ ಲೆಕ್ಕ ಸಿಗುತ್ತಿದೆ, ನಿಮ್ಮ ಕಡೆಯಿಂದ ಮಾತ್ರ ಇಲ್ಲ, ನಿಮ್ಮ ಯಂತ್ರ ಸರಿಯಿಲ್ಲ ಎಂದರಂತೆ. ಯಜಮಾನರಿಗೆ ಅದು ಯಾವ ಲೆಕ್ಕವೆಂದು ತಿಳಿಯದು. ಯಂತ್ರ ಸರಿಯಿಲ್ಲ ಎಂಬುದಷ್ಟೇ ಕಿವಿಗೆ ಬಿತ್ತು. ಮರುದಿನ ಆಚಾರ್ರು ಬಂದಾಗ ಎಲ್ಲರೆದುರೇ ಅಂದರು: "ನಿಮ್ಗೂ ವಯಸ್ಸಾಯ್ತು ಆಚಾರ್ರೇ. ಕಿವೀನೂ ಇಲ್ಲ. ಬ್ಯಾರೇರ್ನ ನೋಡ್ಕತೀವಿ ಬುಡಿ."

ಆಚಾರ್ರು ನನ್ನ ಕಡೆ ಒಮ್ಮೆ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಾನು ಪರದೆಯ ಕಡೆ ತಿರುಗಿಕೊಂಡೆ. "ಆಯ್ತು ಯಜಮಾನ್ರೆ" ಎಂದು ಆಚಾರ್ರು ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೋದರು. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಹದಿನೆಂಟು ದಿನ ನಾನು ಆ ಬೀದಿಯಲ್ಲಿ ಹೋಗಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತಾ ಅಂದಳು: "ನಮ್ ಟಿ.ವಿ. ಮಿಣುಕ್ತಾ ಐತೆ. ಆ ಆಚಾರ್ರ ಅತ್ರ ಬ್ಯಾಡ ಕಣವ್ವ. ಅವ್ರ್ ಕೈ ಕೆಟ್ಟೋಗೈತಂತೆ, ಚಾನೆಲ್ನೋರೇ ಬುಡ್ಸಿದ್ರಂತೆ. ಡೇರಿಲೆಲ್ಲ ಅದೇ ಮಾತು."

ಡೇರಿಯವರೆಗೂ ಹೋಗಿತ್ತು ಮಾತು. ತಟ್ಟೆಯ ರೊಟ್ಟಿ ಬಿಟ್ಟು ಎದ್ದೆ.

ಯಜಮಾನರ ಎದುರು ಎರಡು ಜಾಹೀರಾತನ್ನೂ ಪರದೆಯ ಮೇಲೆ ಬಿಡಿಸಿಟ್ಟೆ. ಕಂಪನಿ ಕೊಟ್ಟದ್ದು ಒಂದು, ನಾನು ಕತ್ತರಿಸಿದ್ದು ಒಂದು. ಎಲ್ಲ ಹೇಳಿದೆ. ಅವರು ತಮ್ಮ ಫೋನು ತೆಗೆದು ಹುಡುಕಿದರು, ಆ ಆಪ್ ಅದರಲ್ಲಿತ್ತು.

"ನಮ್ಮನೆಯವಳ ಫೋನಲ್ಲೂ ಐತಲ್ಲವ್ವ ಇದು" ಎಂದರು ಮೆಲ್ಲಗೆ. ಜಾಹೀರಾತನ್ನು ಆಗಲೇ ನಿಲ್ಲಿಸಿದರು. ಆಮೇಲೆ ನನ್ನನ್ನು ನೋಡಿದರು. "ಸದ್ದು ತೆಗೆದಿದ್ಕೆ ನಾನೇನೂ ಅನ್ನಕ್ಕಿಲ್ಲ. ಆದ್ರೆ ಆ ದಿನ ಆ ಮನ್ಸನ ಮುಂದೆ ಬಾಯ್ ಮುಚ್ಕಂಡ್ ಕೂತಿದ್ಯಲ್ಲ. ಅದು ನಂಗೆ ಮರೆಯಕ್ಕಾಗಲ್ಲ." ಆ ಮಾತು ಇವತ್ತಿಗೂ ನನ್ನ ಮೈಮೇಲಿದೆ.

ಇಬ್ಬರೂ ಅಂಗಡಿಗೆ ಹೋದೆವು. ಯಜಮಾನರು ಕೈ ಮುಗಿದು ತಪ್ಪಾಯಿತು, ಮತ್ತೆ ಕೆಲಸಕ್ಕೆ ಬನ್ನಿ ಎಂದರು. ಆಚಾರ್ರು ಎದ್ದು ಬೆಂಚನ್ನು ಟವೆಲಿನಲ್ಲಿ ಒರೆಸಿದರು. "ವಯಸ್ಸಾಯ್ತು ಅಂದ್ರಲ್ಲ, ಅದೇನ್ ಸುಳ್ಳಲ್ಲ ಬುಡಿ. ಕೂತ್ಕಳಿ, ಟೀ ಕುಡ್ಯಾನ." ಟೀ ಬಂದಾಗ ಮೊದಲ ಲೋಟ ನನ್ನ ಕೈಗೆ ಕೊಟ್ಟರು.

ಆ ಭಾನುವಾರ ನಮ್ಮ ಬೀದಿಯ ಮನೆಮನೆಗೆ ಹೋಗಿ ಫೋನು ಇಸಿದುಕೊಂಡು ಮೈಕಿನ ಅಪ್ಪಣೆ ತೆಗೆದೆ. ಯಾಕೆಂದು ಪ್ರತಿ ಮನೆಯಲ್ಲೂ ಹೇಳಿದೆ. "ನೀನೇ ಒತ್ತಿ, ನೀನೇ ತೆಗೀತೀಯಲ್ಲ" ಎಂದು ನಕ್ಕವರೂ ಇದ್ದರು. ನಗಲಿ ಎಂದುಕೊಂಡೆ.

ಹೋದ ವರ್ಷ ಆಚಾರ್ರು ಮಧ್ಯಾಹ್ನ ಉಂಡು ಹೊಸಹೊಳಲಿನ ಜಗುಲಿಯಲ್ಲಿ ಒರಗಿದವರು ಏಳಲಿಲ್ಲ. ಹನ್ನೊಂದನೆಯ ದಿನ ಹೋಗಿದ್ದೆ. ನಡುಮನೆಯ ತುಂಬ ನೆಂಟರು. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಮಧ್ಯಾಹ್ನದ ಬೆಳಕು ಮಂಕಾಗಿ, ಎಲ್ಲೋ ದೂರದ್ದೆಂಬಂತೆ ನನಗೆ ನೆನಪಿದೆ.

"ಒಂದ್ ಮಾತ್ ಕೇಳ್ಲಾ ಮಗಾ? ಆವಾಗ ಇವ್ರನ್ನ ಚಾನೆಲ್ನೋರು ಬುಡ್ಸಿದ್ರಲ್ಲ, ಯಾಕಂತ ನಿಂಗೊತ್ತಾ? ಆಮೇಲೆ ಕರ್ಕಂಡ್ರು, ಅದ್ ಸರಿ. ಬುಡ್ಸಿದ್ದು ಯಾಕೆ? ಎಷ್ಟ್ ಕೇಳಿದ್ರೂ 'ಮಿಷನ್ದು ಏನೋ' ಅಂದ್ರೇ ಒರ್ತು ಬಾಯ್ ಬುಡ್ಲಿಲ್ಲ. ನೆಂಟ್ರು ಏನೇನೋ ಆಡ್ಕಂಡ್ರು. ಏನ್ ತಪ್ ಮಾಡಿದ್ರೋ ಅಂತ ನಂಗೂ ಒಳಗೊಳಗೇ ಕೊರೀತದೆ."

ಹೆಂಡತಿಗೂ ಹೇಳಿರಲಿಲ್ಲ ಅವರು.

ನಾನು ಹೇಳಿದೆ. ತಪ್ಪು ಅವರದಲ್ಲ ಅಮ್ಮಾ, ನನ್ನದು ಎಂದು ಮೊದಲು ಮಾಡಿ, ಅವರ ಮುಖ ನೋಡದೆ, ಟೀಯ ಲೋಟದವರೆಗೂ ಹೇಳಿದೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿ, ನಡುಮನೆಗೆ ಕರೆತಂದರು. ನೆಂಟರೆಲ್ಲ ತಲೆಯೆತ್ತಿದರು.

"ಇವ್ಳೇನೋ ಯೋಳ್ತಾಳೆ, ಎಲ್ಲಾರೂ ಕೇಳ್ರಿ" ಎಂದರು. "ಯೋಳು ಮಗಾ. ಇನ್ನೊಂದ್ ಸಲ ಯೋಳು."

ನಾನು ನಿಂತುಕೊಂಡೇ, ಮೊದಲಿನಿಂದ ಹೇಳಿದೆ.